ಮೈಕ್ ಮುಂದೆ ಐದು ನಿಮಿಷ: ಮಂಡ್ಯದ ಸಭೆಗಳಲ್ಲಿ ಮಾತಾಡುವವರಿಗೆ

ಮಂಡ್ಯ ಕಡೆಯವರಿಗೆ ಮಾತು ಕಲಿಸಬೇಕಾಗಿಲ್ಲ. ಡೇರಿ ಮುಂದೆ ಕ್ಯಾನ್ ಹಿಡಿದು ನಿಂತಾಗ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, ಆಲೆಮನೆ ಹತ್ತಿರ, ಎಲ್ಲಿ ನಿಲ್ಲಿಸಿದರೂ ಮಾತು ತಾನಾಗಿ ಬರುತ್ತದೆ. ಒಬ್ಬ ಹೇಳುತ್ತಿದ್ದರೆ ಹತ್ತು ಜನ ಕೆಲಸ ಬಿಟ್ಟು ಕೇಳುತ್ತಾರೆ. ಅದೇ ಮನುಷ್ಯನ ಕೈಗೆ ಮೈಕ್ ಕೊಟ್ಟು ನೋಡಿ. "ವೇದಿಕೆಯ ಮೇಲೆ ಆಸೀನರಾಗಿರತಕ್ಕಂತಹ..." ಅಂತ ಶುರುವಾಗುತ್ತದೆ. ಗಂಟಲು ಒಣಗುತ್ತದೆ. ಹೇಳಬೇಕಾಗಿದ್ದು ಮರೆತುಹೋಗಿ, ಬೇಡವಾದದ್ದು ಹತ್ತು ನಿಮಿಷ ಹರಿಯುತ್ತದೆ.

ನಾನು ಸಣ್ಣಪುಟ್ಟ ಸಭೆಗಳಲ್ಲಿ ನಿರೂಪಣೆ ಮಾಡುವವನು. ವೇದಿಕೆಯ ಮೂಲೆಯಲ್ಲಿ ನಿಂತವನಿಗೆ ಮಾತಾಡುವವರೂ ಕಾಣುತ್ತಾರೆ, ಕೇಳುವವರ ಮುಖವೂ ಕಾಣುತ್ತದೆ. ಯಾವಾಗ ಜನ ಮೊಬೈಲ್ ತೆಗೆಯುತ್ತಾರೆ, ಯಾವಾಗ ತಲೆ ಎತ್ತುತ್ತಾರೆ ಅನ್ನುವುದು ಅಲ್ಲಿಂದ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನೆಲ್ಲ ಇಟ್ಟುಕೊಂಡು ಬರೆದ ಲೇಖನ ಇದು.

ದೊಡ್ಡ ಭಾಷಣಕಾರರಾಗಬೇಕು ಅನ್ನುವವರು ಬೇರೆ ಕಡೆ ನೋಡಿಕೊಳ್ಳಿ. ಇದು ಗ್ರಾಮಸಭೆಯಲ್ಲಿ ಎದ್ದು ಒಂದು ಮಾತು ಕೇಳಬೇಕಾದವರಿಗೆ, ಹಾಲಿನ ಸೊಸೈಟಿಯ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕ ಕೇಳಬೇಕಾದವರಿಗೆ, ಆಗಸ್ಟ್ 15ಕ್ಕೆ ಶಾಲೆಯವರು "ನೀವೂ ಎರಡು ಮಾತಾಡಿ" ಅಂತ ಕರೆದವರಿಗೆ, ಜೊತೆಯವರ ನಿವೃತ್ತಿ ಸಮಾರಂಭದಲ್ಲಿ ಮೈಕ್ ಹಿಡಿಯಬೇಕಾದವರಿಗೆ. ಇವರಿಗೆಲ್ಲ ಬೇಕಾಗಿರುವುದು ಒಂದು ನಿಮಿಷದಿಂದ ಐದು ನಿಮಿಷದ ಮಾತು.

ಮೊದಲ ಹೆಜ್ಜೆ: ನಾನು ಕೂತ ಮೇಲೆ ಏನಾಗಬೇಕು?

ಭಾಷಣಕ್ಕೆ ಕೂರುವಾಗ ಎಲ್ಲರೂ ಕೇಳಿಕೊಳ್ಳುವ ಪ್ರಶ್ನೆ "ನಾನು ಏನು ಮಾತಾಡಲಿ?" ಅಂತ. ಅದನ್ನು ಬಿಡಿ. ಒಂದು ಹಾಳೆ ತಗೊಂಡು "ನಾನು ಮಾತು ಮುಗಿಸಿ ಕೂತ ಮೇಲೆ ಏನಾಗಬೇಕು?" ಅಂತ ಬರೆಯಿರಿ. ಅದರ ಕೆಳಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಿರಿ. ಎರಡನೇ ವಾಕ್ಯ ಬಂತು ಅಂದರೆ ನಿಮ್ಮ ಹತ್ತಿರ ಎರಡು ಭಾಷಣ ಇದೆ ಅಂತ ಅರ್ಥ. ಒಂದನ್ನು ಇನ್ನೊಂದು ಸಭೆಗೆ ಎತ್ತಿಡಿ.

ಮಾತಿನಿಂದ ಕೆಲಸ ಮಾಡಿಸಿಕೊಳ್ಳುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ದಸರಾ ಹೊತ್ತಿಗೆ ತಾಲ್ಲೂಕುಗಳಿಂದ ಜಮೀನುದಾರರು, ವ್ಯಾಪಾರಿಗಳು ಬಂದು ತಮ್ಮ ಕಡೆಯ ಕಷ್ಟಗಳನ್ನು ದಿವಾನರ ಎದುರು ಹೇಳುತ್ತಿದ್ದರು. ಕಾನೂನು ಮಾಡುವ ಅಧಿಕಾರ ಆಗ ಆ ಸಭೆಗೆ ಇರಲಿಲ್ಲ. ಬಂದವರ ಕೈಯಲ್ಲಿದ್ದದ್ದು ಮಾತು ಒಂದೇ. ಇವತ್ತು ಗ್ರಾಮಸಭೆಯಲ್ಲಿ ಹಿಂದಿನ ಸಾಲಿನಿಂದ ಎದ್ದು ನಿಲ್ಲುವ ಹೆಂಗಸಿನ ಪರಿಸ್ಥಿತಿಯೂ ಹೆಚ್ಚುಕಡಿಮೆ ಹಾಗೇ ಅಲ್ವಾ? ಅವರ ಹತ್ತಿರ ಹುದ್ದೆ ಇಲ್ಲ, ಸಹಿ ಮಾಡುವ ಅಧಿಕಾರ ಇಲ್ಲ. ಹೇಳುವ ಮಾತು ಗಟ್ಟಿ ಇದ್ದರೆ ಮಾತ್ರ ಕೆಲಸ.

ಆ ಗಟ್ಟಿತನ ಎಲ್ಲಿಂದ ಬರುತ್ತದೆ ಅಂತ ತಿಳಿಯಬೇಕಾದರೆ ಒಂದೇ ವಿಷಯವನ್ನು ಎರಡು ರೀತಿ ಹೇಳಿ ನೋಡಬೇಕು. ಮೊದಲನೆಯದು ನಾವು ದಿನಾ ಕೇಳುವಂಥದ್ದು:

"ಸಾರ್, ನಮ್ಮೂರಲ್ಲಿ ಒಂದು ಕೆಲಸಾನೂ ಆಗ್ತಿಲ್ಲ. ಚರಂಡಿ ಇಲ್ಲ, ರಸ್ತೆ ಇಲ್ಲ, ಬೀದಿ ದೀಪ ಇಲ್ಲ. ಹೋದ ಸಲಾನೂ ಹೇಳಿದ್ವಿ, ಯಾರೂ ತಲೆಗೆ ಹಾಕ್ಕೊಳ್ಳಲ್ಲ. ಓಟು ಕೇಳೋಕೆ ಮಾತ್ರ ಬತ್ತೀರಿ..."

ಚಪ್ಪಾಳೆ ಬೀಳುತ್ತದೆ. ಪಿಡಿಒ "ಆಯ್ತು, ಮಾಡಿಸೋಣ" ಅನ್ನುತ್ತಾರೆ. ನಡಾವಳಿ ಪುಸ್ತಕದಲ್ಲಿ "ಮೂಲ ಸೌಕರ್ಯಗಳ ಬಗ್ಗೆ ಚರ್ಚಿಸಲಾಯಿತು" ಅಂತ ಒಂದು ಸಾಲು ಬರುತ್ತದೆ. ಅಲ್ಲಿಗೆ ಮುಗಿಯಿತು.

ಈಗ ಇನ್ನೊಂದು ರೀತಿ:

"ಅಧ್ಯಕ್ಷರಿಗೆ, ಪಿಡಿಒ ಮೇಡಂಗೆ, ಎಲ್ಲರಿಗೂ ನಮಸ್ಕಾರ. ನಾನು ಎರಡನೇ ವಾರ್ಡಿನವಳು. ಒಂದೇ ವಿಷಯ ಹೇಳ್ತೀನಿ, ಶಾಲೆ ಮುಂದಿನ ಚರಂಡಿ. ಅಂಗನವಾಡಿ ಮೂಲೆಯಿಂದ ಶಾಲೆ ಗೇಟಿನ ತನಕ ನೂರೈವತ್ತು ಅಡಿ ಹೂಳು ತುಂಬ್ಕೊಂಡಿದೆ. ಮಳೆ ಬಂದ್ರೆ ಕೊಚ್ಚೆ ನೀರು ಗೇಟಿನೊಳಕ್ಕೆ ನುಗ್ಗುತ್ತೆ. ಹೋದ ವಾರ ಮಕ್ಕಳು ಚಪ್ಪಲಿ ಕೈಲಿ ಹಿಡ್ಕೊಂಡು ಪ್ರಾರ್ಥನೆಗೆ ನಿಂತಿದ್ರು. ಹೂಳು ತೆಗೆಸಿ ಮೇಲೆ ಚಪ್ಪಡಿ ಹಾಕಿಸೋ ಕೆಲಸವನ್ನ ಈ ವರ್ಷದ ಕ್ರಿಯಾ ಯೋಜನೆಗೆ ಸೇರಿಸಿ. ನಡಾವಳಿಲಿ ಬರೆದು ಒಂದ್ಸಲ ಓದಿಬಿಡಿ ಮೇಡಂ, ನಾನು ಕೂತ್ಕೋತೀನಿ."

ಒಂದು ನಿಮಿಷವೂ ಆಗುವುದಿಲ್ಲ. ಇದರಲ್ಲಿ ಯಾರನ್ನೂ ಬೈದಿಲ್ಲ, ಆದರೆ ಜಾರಿಕೊಳ್ಳಲು ಜಾಗವನ್ನೂ ಕೊಟ್ಟಿಲ್ಲ. ಎಲ್ಲಿಂದ ಎಲ್ಲಿವರೆಗೆ ಅಂತ ಇದೆ. ಎಷ್ಟು ಅಡಿ ಅಂತ ಇದೆ. ಕಣ್ಣಿಗೆ ಕಟ್ಟುವ ಒಂದು ಸಂಗತಿ ಇದೆ, ಮಕ್ಕಳ ಕೈಯಲ್ಲಿ ಚಪ್ಪಲಿ. ಬೇಕಾಗಿರುವುದು ಏನು, ಅದು ಯಾವ ಪಟ್ಟಿಗೆ ಸೇರಬೇಕು ಅಂತಲೂ ಇದೆ. "ಓದಿಬಿಡಿ, ಕೂತ್ಕೋತೀನಿ" ಅನ್ನುವ ಕೊನೆಯ ಮಾತಿಗೆ ಸಭೆ ನಗುತ್ತದೆ, ನಡಾವಳಿ ಬರೆಯುವವರು ಪೆನ್ನು ತೆಗೆಯುತ್ತಾರೆ. ನೂರೈವತ್ತು ಅಡಿ ಅಂತ ಸುಮ್ನೆ ಅಂದಾಜಿಗೆ ಹೇಳಬೇಡಿ. ಸಭೆಯ ಹಿಂದಿನ ದಿನ ಹೋಗಿ ಹೆಜ್ಜೆ ಹಾಕಿ ಅಳೆದುಕೊಂಡು ಬನ್ನಿ. "ಅಷ್ಟೆಲ್ಲಾ ಇಲ್ಲ ಬುಡಿ" ಅಂತ ಯಾರಾದರೂ ಅಂದರೆ "ಬನ್ನಿ, ಅಳಿಯೋಣ" ಅನ್ನುವ ಧೈರ್ಯ ಆಗ ತಾನಾಗಿ ಬರುತ್ತದೆ.

ಹಾಲಿನ ಸೊಸೈಟಿಯ ಮಹಾಸಭೆಗೂ ಇದೇ ದಾರಿ. "ಸಂಘದಲ್ಲಿ ಮೋಸ ನಡೀತಾ ಇದೆ" ಅಂತ ಶುರು ಮಾಡಿದರೆ ಅರ್ಧ ಸಭೆ ನಿಮ್ಮ ಕಡೆ, ಅರ್ಧ ಸಭೆ ಕಾರ್ಯದರ್ಶಿ ಕಡೆ, ಮಧ್ಯದಲ್ಲಿ ಕುರ್ಚಿ ಹಾರುತ್ತದೆ. ವರದಿ ಪುಸ್ತಕ ಕೈಯಲ್ಲಿ ಹಿಡಿದು ಎದ್ದು ನಿಂತು, "ಇದೇ ವರದಿಯ ನಾಲ್ಕನೇ ಪುಟ. ಪಶು ಆಹಾರದ ಬಾಬ್ತು ಹೋದ ವರ್ಷಕ್ಕಿಂತ ಇಷ್ಟು ಜಾಸ್ತಿ ತೋರಿಸಿದ್ದೀರಿ. ಕಾರಣ ಹೇಳಿ" ಅಂತ ಕೇಳಿ. ಆಪಾದನೆಗೆ ಜಗಳ ಆಡಬಹುದು, ಪುಟದ ಸಂಖ್ಯೆಗೆ ಉತ್ತರ ಕೊಡಬೇಕಾಗುತ್ತದೆ.

ಚೀಟಿ

ಪೂರ್ತಿ ಭಾಷಣ ಬರೆದು ಬಾಯಿಪಾಠ ಮಾಡಬೇಡಿ. ಬಾಯಿಪಾಠ ಮಾಡಿದವರು ಒಂದು ಪದ ಮರೆತರೆ ಅಲ್ಲೇ ನಿಂತುಬಿಡುತ್ತಾರೆ, ಮುಂದಿನದು ಸಿಗುವುದಿಲ್ಲ. ಬರೆದದ್ದನ್ನು ಓದುವುದು ಇನ್ನೂ ಕಷ್ಟ, ತಲೆ ಬಗ್ಗಿಸಿದ ಕೂಡಲೇ ಜನ ಕೈ ತಪ್ಪುತ್ತಾರೆ. ಬಾಯಿಗೆ ಬರಬೇಕಾದದ್ದು ಎರಡೇ ವಾಕ್ಯ: ಮೊದಲನೆಯದು ಮತ್ತು ಕೊನೆಯದು. ನಡುವಿನದಕ್ಕೆ ಚೀಟಿ ಸಾಕು.

ಚೀಟಿಗೆ ತೆಳು ಹಾಳೆ ಬೇಡ. ಕೈ ನಡುಗಿದರೆ ಹಾಳೆ ಪಟಪಟ ಅನ್ನುತ್ತದೆ, ಆ ಸದ್ದು ಮೈಕಿನಲ್ಲೂ ಬರುತ್ತದೆ. ಹಳೇ ಮದುವೆ ಕಾರ್ಡಿನ ಹಿಂಬದಿ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ದಪ್ಪ ಅಕ್ಷರದಲ್ಲಿ ನಾಲ್ಕೋ ಐದೋ ಸಾಲು ಬರೆಯಿರಿ. ಹೆಸರು, ತಾರೀಖು, ಅಂಕಿಗಳನ್ನು ಮಾತ್ರ ಪೂರ್ತಿ ಬರೆಯಿರಿ, ಉಳಿದದ್ದಕ್ಕೆ ಒಂದೊಂದು ಪದ ಇದ್ದರೆ ಆಯಿತು. ಮೊಬೈಲಿನಲ್ಲಿ ಬರೆದುಕೊಂಡು ಬರುವವರು ಈಗ ಜಾಸ್ತಿ. ಸರಿಯಾಗಿ ಮುಖ್ಯವಾದ ಜಾಗದಲ್ಲೇ ಪರದೆ ಆರಿಹೋಗುತ್ತದೆ, ಇಲ್ಲವಾದರೆ ಮನೆಯಿಂದ ಫೋನ್ ಬರುತ್ತದೆ.

ಅಂಕಿ ಹೇಳುವಾಗ ಕೇಳುವವರು ಯಾರು ಅಂತ ನೋಡಿ ಆರಿಸಿಕೊಳ್ಳಿ. ಮಂಡ್ಯದಲ್ಲಿ ಕಟ್ಟೆಯ ನೀರನ್ನು ಟಿಎಂಸಿಯಲ್ಲಿ ಹೇಳಿದರೆ ಎಂಜಿನಿಯರಿಗೆ ಅರ್ಥವಾಗುತ್ತದೆ. ಅಡಿಯಲ್ಲಿ ಹೇಳಿ, ಕೊನೇ ಸಾಲಿನ ಅಜ್ಜಿಯೂ ತಲೆ ಎತ್ತುತ್ತಾರೆ. ಕೆಆರ್‌ಎಸ್ ತುಂಬುವುದು 124.80 ಅಡಿಗೆ ಅನ್ನುವುದು ಇಲ್ಲಿ ಮಗುವಿಗೂ ಗೊತ್ತು. ಡೇರಿ ಸಭೆಯಲ್ಲಿ "ಫ್ಯಾಟ್ ಮೂರೂವರೆ, ಎಸ್‌ಎನ್‌ಎಫ್ ಎಂಟೂವರೆ" ಅಂದರೆ ವಿವರಿಸುವ ಅಗತ್ಯವೇ ಇಲ್ಲ. ಒಂದು ಮಾತಿಗೆ ಒಂದು ಅಂಕಿ ಸಾಕು. ಮೂರು ಅಂಕಿ ಸೇರಿದರೆ ಒಂದೂ ನೆನಪಿರುವುದಿಲ್ಲ.

ಹೆಸರುಗಳ ಕಾಟ

ನಮ್ಮ ಕಡೆ ಭಾಷಣದ ಮೊದಲ ಎರಡು ನಿಮಿಷ ಹೆಸರು ಹೇಳುವುದರಲ್ಲೇ ಹೋಗುತ್ತದೆ. ವೇದಿಕೆ ಮೇಲೆ ಹದಿನೆಂಟು ಜನ ಇರುತ್ತಾರೆ. ನಿರೂಪಕ ಒಂದು ಸಲ ಹೇಳಿರುತ್ತಾನೆ, ಸ್ವಾಗತ ಮಾಡುವವರು ಇನ್ನೊಂದು ಸಲ, ಆಮೇಲೆ ಮಾತಾಡಿದ ಪ್ರತಿಯೊಬ್ಬರೂ ಇನ್ನೊಂದೊಂದು ಸಲ. ಆ ಹೊತ್ತಿಗೆ ಕೇಳುವವರ ಮುಖ ನೋಡಬೇಕು ನೀವು!

ಬಿಟ್ಟುಬಿಡಿ ಅಂತ ಹೇಳುವುದು ಸುಲಭ. ಆದರೆ ಒಂದು ಹೆಸರು ಬಿಟ್ಟುಹೋದರೆ ಅದು ಮುಂದಿನ ಚುನಾವಣೆ ತನಕ ನೆನಪಿರುತ್ತದೆ. ಇದಕ್ಕೆ ಒಂದು ಉಪಾಯ ಇದೆ. ಸಭೆಯ ಅಧ್ಯಕ್ಷರ ಹೆಸರು ಒಂದನ್ನೇ ಹೇಳಿ, "ವೇದಿಕೆ ಮೇಲಿರುವ ಎಲ್ಲ ಹಿರಿಯರಿಗೆ, ಮುಂದೆ ಕೂತಿರುವ ಅಣ್ಣಂದಿರಿಗೆ, ತಾಯಂದಿರಿಗೆ ನಮಸ್ಕಾರ" ಅಂದು ವಿಷಯಕ್ಕೆ ಬನ್ನಿ. ಎರಡನೇ ಹೆಸರು ತೆಗೆದಿರೋ, ಹದಿನೆಂಟನ್ನೂ ತೆಗೆಯಬೇಕಾಗುತ್ತದೆ. ವಂದನಾರ್ಪಣೆ ಮಾಡುವವರಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅವರು ಹೆಸರು, ಇನಿಷಿಯಲ್, ಹುದ್ದೆ ಮೂರನ್ನೂ ಕಾರ್ಯಕ್ರಮ ಶುರುವಾಗುವ ಮೊದಲೇ ಒಬ್ಬೊಬ್ಬರನ್ನು ಕೇಳಿ ಬರೆದುಕೊಳ್ಳಬೇಕು. ಶಾಮಿಯಾನದವರನ್ನೂ ಅಡಿಗೆಯವರನ್ನೂ ಸೇರಿಸಿ.

ಹೆಸರು ಮುಗಿದ ಮೇಲೆ ಬರುವ ಮೊದಲ ವಾಕ್ಯಕ್ಕೆ ಎಲ್ಲರೂ ಕಿವಿ ಕೊಟ್ಟಿರುತ್ತಾರೆ. ಅದನ್ನು "ನಾನೇನು ಅಂಥಾ ಭಾಷಣಕಾರನಲ್ಲ", "ಹಿಂದೆ ಮಾತಾಡಿದವರು ಎಲ್ಲಾ ಹೇಳಿಬಿಟ್ಟಿದ್ದಾರೆ", "ಸಮಯದ ಅಭಾವದಿಂದ" ಅನ್ನುವುದಕ್ಕೆ ಖರ್ಚು ಮಾಡಬೇಡಿ. ಮಾತಿನ ಮೇಲಿನ ಗಾದೆಯಿಂದ ಶುರು ಮಾಡುವುದೂ ಬೇಡ. ಆ ಗಾದೆಗಳು ದುಡಿದು ದುಡಿದು ಸುಸ್ತಾಗಿವೆ.

ಕೇಳುವವರು ಕಂಡ ಜಾಗದಿಂದ ಶುರು ಮಾಡಿ. ಮದ್ದೂರು ಕಡೆಯ ಶಾಲೆಯಲ್ಲಿ ಸ್ವಾತಂತ್ರ್ಯ ದಿನದ ಮಾತು ಅಂತ ಇಟ್ಟುಕೊಳ್ಳಿ. "ಭಾರತ ದೇಶವು ಬ್ರಿಟಿಷರ ದಾಸ್ಯದಿಂದ..." ಅಂದ ಕೂಡಲೇ ಮಕ್ಕಳ ಗಮನ ಲಾಡು ಬುಟ್ಟಿಯ ಕಡೆ ಹೋಗುತ್ತದೆ. ಅದರ ಬದಲು ಹೀಗೆ ಹೇಳಿ: "ಮದ್ದೂರಿಗೆ ಹೋಗುವಾಗ ಶಿವಪುರದಲ್ಲಿ ಸತ್ಯಾಗ್ರಹ ಸೌಧ ನೋಡಿದ್ದೀರಾ? ಯಾರ್ಯಾರು ನೋಡಿದ್ದೀರಿ, ಕೈ ಎತ್ತಿ. 1938ರ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಬಾವುಟ ಹಾರಿಸಬಾರದು ಅಂತ ಸರ್ಕಾರದ ನಿಷೇಧ ಇತ್ತು. ಆದರೂ ಹಾರಿಸಿದರು." ಕೈ ಎತ್ತಿದ ಮಗು ಆಮೇಲೆ ಲಾಡು ಮರೆತು ನಿಮ್ಮನ್ನೇ ನೋಡುತ್ತದೆ. ಮೂರು ನಿಮಿಷದ ಮಾತಿಗೆ ಶಿವಪುರ ಒಂದೇ ಸಾಕು. ಝಾನ್ಸಿ ರಾಣಿಯಿಂದ ಹಿಡಿದು ಎಲ್ಲರನ್ನೂ ಕರೆತರಬೇಕಾಗಿಲ್ಲ.

ಹೆದರಿಕೆ

ಎದೆ ಡವಡವ ಅನ್ನುವುದು, ಬಾಯಿ ಒಣಗುವುದು, ಅಂಗೈ ತಣ್ಣಗಾಗುವುದು, ಇವೆಲ್ಲ ದೇಹ ಅಪಾಯಕ್ಕೆ ಸಿದ್ಧವಾಗುವ ರೀತಿ. ಅಡ್ರಿನಲಿನ್ ಅನ್ನುವ ರಸ ರಕ್ತಕ್ಕೆ ಸೇರಿದಾಗ ಹೀಗಾಗುತ್ತದೆ. ಎದುರಿಗೆ ಹಾವು ಬಂದರೂ ಅಷ್ಟೇ, ನೂರು ಜನ ಒಟ್ಟಿಗೆ ನೋಡಿದರೂ ಅಷ್ಟೇ, ದೇಹಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಇದು ಪೂರ್ತಿ ಹೋಗಲಿ ಅಂತ ಕಾಯುತ್ತಾ ಕೂತರೆ ಎದ್ದು ನಿಲ್ಲುವುದೇ ಇಲ್ಲ. ಇಪ್ಪತ್ತು ವರ್ಷದಿಂದ ವೇದಿಕೆ ಹತ್ತುವವರ ಕೈಯನ್ನು ಮೈಕ್ ಕೊಡುವಾಗ ಮುಟ್ಟಿ ನೋಡಿದ್ದೇನೆ. ತಣ್ಣಗಿರುತ್ತದೆ.

ಹತೋಟಿಗೆ ತರಲು ಕೆಲವು ಕೆಲಸ ಮಾಡಬಹುದು. ಹೆಸರು ಕರೆಯುವ ಮೊದಲು ಕೂತಲ್ಲೇ ಮೂಗಿನಿಂದ ಉಸಿರು ತಗೊಂಡು, ತಗೊಂಡದ್ದಕ್ಕಿಂತ ಎರಡರಷ್ಟು ನಿಧಾನವಾಗಿ ಬಿಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಎದೆ ಬಡಿತ ಇಳಿಯುತ್ತದೆ. ಸಭೆಗೆ ಅರ್ಧ ಗಂಟೆ ಮೊದಲೇ ಹೋಗಿ, ಖಾಲಿ ವೇದಿಕೆ ಮೇಲೆ ಒಮ್ಮೆ ನಿಂತು ಕೊನೇ ಸಾಲಿನ ಕುರ್ಚಿ ನೋಡಿ ಬನ್ನಿ. ಬಂದವರಲ್ಲಿ ಇಬ್ಬರು ಮೂವರನ್ನು "ಯಾವೂರಣ್ಣ, ಬಸ್ಸಿಗೆ ಬಂದ್ರಾ?" ಅಂತ ಮಾತಾಡಿಸಿ. ಮೈಕ್ ಮುಂದೆ ನಿಂತಾಗ ಆ ಮುಖಗಳನ್ನೇ ಹುಡುಕಿ. ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು, ಹಿಂದೆ ಒಬ್ಬರು ಇದ್ದರೆ ಕಣ್ಣು ಸಭೆಯನ್ನೆಲ್ಲ ಸುತ್ತಿದ ಹಾಗಾಯಿತು. ಮೈಕ್ ಹತ್ತಿರ ಹೋದ ತಕ್ಷಣ ಶುರು ಮಾಡಬೇಡಿ. ಎರಡೂ ಕಾಲು ಸಮವಾಗಿ ಊರಿ, ಒಂದು ಉಸಿರು ತಗೊಂಡು, ಆಮೇಲೆ ಬಾಯಿ ತೆರೆಯಿರಿ.

ನಡುವೆ ಮರೆತುಹೋದರೆ? ಸುಮ್ಮನಾಗಿ. ಚೀಟಿ ನೋಡಿ. ಆಗ ತಾನೇ ಹೇಳಿದ ವಾಕ್ಯವನ್ನೇ ಇನ್ನೊಂದು ಸಲ ಹೇಳಿ, ಮುಂದಿನದು ಅದರ ಹಿಂದೆಯೇ ಬರುತ್ತದೆ. ನಿಮಗೆ ಆ ಮೌನ ಒಂದು ಯುಗ ಅನ್ನಿಸಬಹುದು, ಕೇಳುವವರಿಗೆ ನೀವು ಯೋಚಿಸಿ ಮಾತಾಡುತ್ತಿರುವ ಹಾಗೆ ಕಾಣುತ್ತದೆ. ಒಂದು ಅಂಶ ಪೂರ್ತಿ ಬಿಟ್ಟುಹೋದರೂ ಚಿಂತೆ ಬೇಡ. ಚೀಟಿಯಲ್ಲಿ ಏನಿತ್ತು ಅಂತ ಸಭೆಗೆ ಗೊತ್ತಿಲ್ಲವಲ್ಲ.

ಯಾವ ಕನ್ನಡದಲ್ಲಿ ಮಾತಾಡಬೇಕು

ಮೈಕ್ ಸಿಕ್ಕ ಕೂಡಲೇ ನಾಲಿಗೆಗೆ ಹೊಸ ಬಟ್ಟೆ ತೊಡಿಸುವ ಚಾಳಿ ನಮ್ಮಲ್ಲಿದೆ. ಬಂದವರು "ಆಗಮಿಸಿರತಕ್ಕಂತಹವರು" ಆಗುತ್ತಾರೆ. ಊರಿನ ಕೆರೆ "ನಮ್ಮ ಗ್ರಾಮದಲ್ಲಿ ಇರುವಂತಹ ಕೆರೆ" ಆಗುತ್ತದೆ. ನಿಮ್ಮ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, "ಅಂತಹ" ಎಷ್ಟು ಸಲ ಬಂತು ಅಂತ ಎಣಿಸಿ ನೋಡಿ. ಅದನ್ನು ಕಿತ್ತುಹಾಕಿದರೆ ಐದು ನಿಮಿಷದ ಮಾತು ನಾಲ್ಕಕ್ಕೆ ಇಳಿಯುತ್ತದೆ.

ಮಂಡ್ಯದ ಮಾತಿನ ಬಗ್ಗೆ ಕೆಲವರಿಗೆ ಸಂಕೋಚ. "ಹ" ಎಲ್ಲಿ ಬರಬೇಕು, "ಅ" ಎಲ್ಲಿ ಬರಬೇಕು ಅನ್ನುವ ಭಯದಲ್ಲಿ "ಅಧ್ಯಕ್ಷರು" ಹೋಗಿ "ಹದ್ಯಕ್ಷರು" ಆಗುತ್ತದೆ. ಇದು ಬರುವುದು ಭಯದಿಂದ, ಸಹಜವಾಗಿ ಮಾತಾಡುವಾಗ ಕಡಿಮೆ. ನನ್ನ ಅಭಿಪ್ರಾಯ ಇಷ್ಟು: ಗ್ರಾಮಸಭೆ, ಡೇರಿ, ಸಂಘದ ಸಭೆಯಲ್ಲಿ ಮನೆಯಲ್ಲಿ ಆಡುವ ಮಾತನ್ನೇ ಆಡಿ. "ಬತ್ತೀನಿ", "ಹೋಯ್ತೀನಿ" ಅಂದರೆ ಅಲ್ಲಿ ಯಾರ ಗಂಟೂ ಹೋಗುವುದಿಲ್ಲ. ಶಾಲೆ, ಕಾಲೇಜು, ಕಚೇರಿ ಸಭೆಯಲ್ಲಿ ಕ್ರಿಯಾಪದದ ಕೊನೆಯನ್ನು ಮಾತ್ರ ಸ್ವಲ್ಪ ತಿದ್ದಿಕೊಳ್ಳಿ, "ಬರ್ತೀನಿ", "ಹೋಗ್ತೀನಿ" ಅಂತ. ಹೆಸರು, ಹುದ್ದೆ, ಊರು ಇವುಗಳ ಉಚ್ಚಾರ ಸರಿ ಇರಬೇಕು, ಅಷ್ಟನ್ನು ಮೊದಲೇ ನಾಲ್ಕು ಸಲ ಹೇಳಿ ರೂಢಿ ಮಾಡಿಕೊಳ್ಳಿ. ಉಳಿದದ್ದು ಇದ್ದ ಹಾಗೇ ಇರಲಿ. ಕಟ್ಟೆ ಮೇಲೆ ಹತ್ತು ಜನರನ್ನು ಹಿಡಿದು ಕೂರಿಸುವುದು ಆ ಮಾತೇ.

ವಾಕ್ಯ ಚಿಕ್ಕದಿರಲಿ. ಓದುವವರು ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಹೋಗಬಹುದು, ಕೇಳುವವರಿಗೆ ಆ ಸೌಕರ್ಯ ಇಲ್ಲ. ರೇಡಿಯೊದಲ್ಲಿ ಮಾತಾಡುವವರು ಇದನ್ನು ಚೆನ್ನಾಗಿ ಬಲ್ಲರು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ ಊರು ಮೈಸೂರು. ಇವತ್ತಿಗೂ ಮೈಸೂರು ಆಕಾಶವಾಣಿಯಲ್ಲಿ ಬರುವ ಕೃಷಿ ಕಾರ್ಯಕ್ರಮವನ್ನೋ ವಾರ್ತೆಯನ್ನೋ ಗಮನವಿಟ್ಟು ಕೇಳಿ. ಒಂದು ವಾಕ್ಯಕ್ಕೆ ಒಂದು ಸಂಗತಿ ಇರುತ್ತದೆ. ಮುಖ್ಯವಾದದ್ದನ್ನು ಮೊದಲೂ ಹೇಳುತ್ತಾರೆ, ಕೊನೆಗೂ ಹೇಳುತ್ತಾರೆ. ನೀವೂ ಹಾಗೇ ಮಾಡಿ. ಚರಂಡಿ ಅಂತ ಮೊದಲು ಹೇಳಿ, ಮುಗಿಸುವಾಗಲೂ ಚರಂಡಿ ಅಂತಲೇ ಹೇಳಿ.

ಸಭೆಯಿಂದ ಯಾರಾದರೂ ಹಿರಿಯರು "ಏ, ಸಾಕು ಕೂತ್ಕಳಪ್ಪ" ಅಂದರೆ ಅವರ ಜೊತೆ ಜಟಾಪಟಿಗೆ ಇಳಿಯಬೇಡಿ. "ಇನ್ನೊಂದೇ ಮಾತು ಕಣಣ್ಣ, ಮುಗಿಸ್ತೀನಿ" ಅನ್ನಿ. ಅಣ್ಣ ಅನ್ನಿಸಿಕೊಂಡವರು ಎರಡನೇ ಸಲ ಕೂಗುವುದು ಕಡಿಮೆ. ಹೇಳಿದ ಹಾಗೆ ಒಂದೇ ಮಾತಿಗೆ ಮುಗಿಸುವುದು ನಿಮ್ಮ ಜವಾಬ್ದಾರಿ.

ಮೈಕು, ಗಂಟಲು

ಮೈಕ್ ಊದುವುದು, ಬೆರಳಿನಿಂದ ಕುಟ್ಟುವುದು ಬೇಡ. ಒಳಗಿರುವುದು ತೆಳುವಾದ ಪರದೆ, ಊದಿದರೆ ಉಗುಳಿನ ತೇವವೂ ಸೇರುತ್ತದೆ. "ನಮಸ್ಕಾರ" ಅಂತ ಮೆಲ್ಲಗೆ ಅಂದರೆ ಮೈಕ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬಾಯಿಗೂ ಮೈಕಿಗೂ ನಾಲ್ಕೈದು ಬೆರಳಿನ ಅಂತರ ಇರಲಿ. ನೇರ ಬಾಯಿಗೆ ಹಿಡಿದರೆ ಪ, ಬ, ಫ ಬಂದಾಗಲೆಲ್ಲ ಗಾಳಿ ಬಡಿದು ಡಬ್ ಡಬ್ ಅನ್ನುತ್ತದೆ, ಸ್ವಲ್ಪ ಓರೆ ಮಾಡಿ ಹಿಡಿಯಿರಿ. ಸ್ಟ್ಯಾಂಡಿನ ಎತ್ತರ ಸರಿ ಮಾಡಿಸಲು ನಾಚಿಕೆ ಬೇಡ. ನಿಮಗಿಂತ ಉದ್ದ ಇರುವವರು ಮಾತಾಡಿ ಹೋದ ಮೇಲೆ ಕತ್ತು ಎತ್ತಿಕೊಂಡು ನಿಂತರೆ ದನಿ ಬಿಗಿಯುತ್ತದೆ.

ಮೈಕ್ "ಕುಯ್ಯ್" ಅಂತ ಕಿರುಚಿದರೆ ಕೈಯಿಂದ ಅದರ ತಲೆ ಮುಚ್ಚಬೇಡಿ, ಇನ್ನೂ ಜಾಸ್ತಿಯಾಗುತ್ತದೆ. ಸ್ಪೀಕರಿನ ಶಬ್ದ ಮತ್ತೆ ಮೈಕಿಗೆ ಹೋಗಿ, ಅದೇ ದೊಡ್ಡದಾಗಿ ಸ್ಪೀಕರಿಗೆ ಬಂದು, ಹೀಗೆ ಸುತ್ತುವುದರಿಂದ ಆ ಕಿರುಚಾಟ. ಸ್ಪೀಕರಿನ ಎದುರಿನಿಂದ ಸರಿದು ಅದರ ಹಿಂದಕ್ಕೆ ನಿಲ್ಲಿ. ಆಗಲೂ ನಿಲ್ಲದಿದ್ದರೆ ಸೌಂಡಿನ ಹುಡುಗನ ಕಡೆ ನೋಡಿ, ಅವನು ಇಳಿಸುತ್ತಾನೆ.

ಬಯಲು ಕಾರ್ಯಕ್ರಮದಲ್ಲಿ ಕಂಬಕ್ಕೆ ಹಾರ್ನ್ ಕಟ್ಟಿರುತ್ತಾರಲ್ಲ, ಅಲ್ಲಿ ಇನ್ನೊಂದು ತೊಂದರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 100 ಮೀಟರ್ ಆಚೆ ಕಟ್ಟಿದ ಹಾರ್ನಿನ ಸದ್ದು ನಿಮ್ಮ ಕಿವಿಗೆ ಬರುವ ಹೊತ್ತಿಗೆ ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ಕಳೆದಿರುತ್ತದೆ. ನೀವು ಮುಂದಿನ ಪದದಲ್ಲಿರುತ್ತೀರಿ, ನಿಮ್ಮದೇ ದನಿ ಹಿಂದಿನ ಪದ ಹೇಳುತ್ತಿರುತ್ತದೆ. ಚೆನ್ನಾಗಿ ಮಾತಾಡುವವರೂ ತಡವರಿಸುವುದು ಇಲ್ಲೇ. ಆ ದನಿಗೆ ಕಿವಿ ಕೊಡಬೇಡಿ. ಒಂದೊಂದು ವಾಕ್ಯ ಮುಗಿದ ಮೇಲೂ ನಿಲ್ಲಿಸಿ, ಸದ್ದು ಹೋಗಿ ಮುಟ್ಟಲಿ, ಆಮೇಲೆ ಮುಂದಿನದು.

ಮೈಕ್ ಇರುವಾಗ ಕೂಗಬೇಡಿ. ಕೂಗುವುದರಿಂದ ಗಂಟಲು ಕೆಡುತ್ತದೆ, ಮಾತೂ ಒಡೆದು ಕೇಳುತ್ತದೆ. ಮಾತಿಗೆ ಮೊದಲು ಬೆಚ್ಚಗಿನ ನೀರು ನಾಲ್ಕು ಗುಟುಕು ಕುಡಿದರೆ ಸಾಕು. ದನಿ ಒಡಕಾಗಿ ಎರಡು ಮೂರು ವಾರ ಕಳೆದರೂ ಸರಿ ಹೋಗದಿದ್ದರೆ ಕಷಾಯದ ಮೇಲೆ ಭಾರ ಹಾಕದೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ತೊದಲು ಇರುವವರಿಗೆ, ದಿನವಿಡೀ ಪಾಠ ಮಾಡಿ ಗಂಟಲು ಕೆಡಿಸಿಕೊಂಡ ಮೇಷ್ಟ್ರುಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಇರುವ ಈ ಸಂಸ್ಥೆಯಲ್ಲಿ ಮಾತಿನ ತೊಂದರೆ, ದನಿಯ ತೊಂದರೆ ಎರಡಕ್ಕೂ ಪರೀಕ್ಷೆ, ಚಿಕಿತ್ಸೆ ಸಿಗುತ್ತದೆ. ದೇಶದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಮಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ.

ಅಭ್ಯಾಸ

ಮನಸ್ಸಿನಲ್ಲಿ ಓದಿಕೊಳ್ಳುವುದು ಅಭ್ಯಾಸ ಅಲ್ಲ. ಎದ್ದು ನಿಂತು, ಬಾಯಿ ಬಿಟ್ಟು, ಚೀಟಿ ಹಿಡಿದು, ಫೋನಿನಲ್ಲಿ ರೆಕಾರ್ಡ್ ಹಾಕಿ ಹೇಳಬೇಕು. ದನದ ಕೊಟ್ಟಿಗೆ, ಮಹಡಿ, ತೋಟ, ಎಲ್ಲಾದರೂ ಸರಿ. ಮೊದಲ ಸಲ ನಿಮ್ಮ ದನಿ ನಿಮಗೇ ಹಿಡಿಸುವುದಿಲ್ಲ. ಎಲ್ಲರಿಗೂ ಹಾಗೇ. ತಲೆಬುರುಡೆಯ ಮೂಳೆಯ ಮೂಲಕ ಒಳಗಿನಿಂದಲೂ ಕೇಳುವ ದನಿ ರೆಕಾರ್ಡಿನಲ್ಲಿ ಇರುವುದಿಲ್ಲ, ಅದಕ್ಕೇ ತೆಳ್ಳಗೆ ಅನ್ನಿಸುತ್ತದೆ.

ಆಮೇಲೆ ಆ ವಿಷಯ ಗೊತ್ತಿಲ್ಲದ ಒಬ್ಬರ ಎದುರು ಹೇಳಿ, ಅಮ್ಮನೋ, ಹೆಂಡತಿಯೋ, ಪಕ್ಕದ ಮನೆ ಹುಡುಗನೋ. "ಚೆನ್ನಾಗಿತ್ತಾ?" ಅಂತ ಮಾತ್ರ ಕೇಳಬೇಡಿ, "ಚೆನ್ನಾಗಿತ್ತು" ಅಂತಲೇ ಅನ್ನುತ್ತಾರೆ. "ನಾನು ಏನು ಕೇಳಿದೆ?" ಅಂತ ಕೇಳಿ. ಅವರ ಉತ್ತರ ನೀವು ಮೊದಲ ಹಾಳೆಯಲ್ಲಿ ಬರೆದ ವಾಕ್ಯಕ್ಕೆ ಹೊಂದಬೇಕು.

ಹೆಂಗಸರಿಗೆ ಸ್ತ್ರೀಶಕ್ತಿ ಸಂಘದ ವಾರದ ಸಭೆಗಿಂತ ಒಳ್ಳೇ ಜಾಗ ಇಲ್ಲ. ಪ್ರತಿ ವಾರ ಒಬ್ಬರು ಎದ್ದು ನಿಂತು ಹಿಂದಿನ ವಾರದ ನಡಾವಳಿ ಓದಲಿ, ಇನ್ನೊಬ್ಬರು ಎರಡು ನಿಮಿಷ ಯಾವುದಾದರೂ ವಿಷಯ ಹೇಳಲಿ, ಮೂರನೆಯವರು ಗಡಿಯಾರ ಹಿಡಿಯಲಿ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳ ಕ್ರಮವೂ ಹೆಚ್ಚುಕಡಿಮೆ ಇದೇ. ಅಲ್ಲಿ ಒಬ್ಬರು ಸಮಯ ನೋಡುತ್ತಾರೆ, ಒಬ್ಬರು "ಆಂ, ಊಂ" ಎಷ್ಟು ಬಂತು ಅಂತ ಎಣಿಸುತ್ತಾರೆ, ಒಬ್ಬರು ಮಾತು ಹೇಗಿತ್ತು ಅಂತ ಹೇಳುತ್ತಾರೆ. ಮೈಸೂರಿನಲ್ಲೂ ಇಂಥ ಕ್ಲಬ್‌ಗಳಿವೆ. ಕಾಲೇಜು ಹುಡುಗರು ಒಮ್ಮೆ ಹೋಗಿ ನೋಡಬಹುದು.

ಸಮಯ

ಐದು ನಿಮಿಷ ಕೊಟ್ಟರೆ ನಾಲ್ಕಕ್ಕೆ ಸಿದ್ಧಮಾಡಿ. ಸಾಹಿತ್ಯದ ಗೋಷ್ಠಿಗಳಲ್ಲಿ ಅಧ್ಯಕ್ಷರು ಚೀಟಿ ಕಳಿಸುವುದು ನೋಡಿರುತ್ತೀರಿ. ಮೊದಲನೇ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಎರಡನೆಯದನ್ನು ಓದದೆ, ಮೂರನೆಯದಕ್ಕೆ "ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಆದರೂ" ಅಂತ ಮುಂದುವರಿಸುವ ಪಂಡಿತರು ಇದ್ದಾರೆ. ಅವರ ವಿದ್ವತ್ತಿಗೆ ಕೈ ಮುಗಿಯೋಣ, ಅನುಸರಿಸುವುದು ಬೇಡ.

ಪ್ರತಿ ಮಾತಿಗೂ ಒಂದು ನಿಮಿಷದ ಆವೃತ್ತಿ ಜೇಬಿನಲ್ಲಿರಲಿ. ಕಾರ್ಯಕ್ರಮ ಹತ್ತಕ್ಕೆ ಅಂತ ಹಾಕಿ ಹನ್ನೆರಡಕ್ಕೆ ಶುರುವಾಗಿರುತ್ತದೆ, ನಿಮ್ಮ ಸರದಿ ಬರುವಾಗ ಎರಡು ಗಂಟೆ, ಪಕ್ಕದ ಪೆಂಡಾಲಿನಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿರುತ್ತದೆ. ಆಗ ಆ ಒಂದು ನಿಮಿಷದ್ದನ್ನು ಹೇಳಿ ಇಳಿದುಬಿಡಿ. ಊಟದ ಸಾಲಿನಲ್ಲಿ ಜನ ನಿಮ್ಮ ಮಾತನ್ನೇ ಹೊಗಳುತ್ತಾರೆ.

ಬೀಳ್ಕೊಡುಗೆಯ ಮಾತಿಗೆ ಹೆಚ್ಚೇನೂ ಬೇಡ. "ಸರಳ ಸಜ್ಜನಿಕೆಯ ವ್ಯಕ್ತಿ" ಅಂತ ಎಲ್ಲರೂ ಹೇಳಿರುತ್ತಾರೆ. ಅವರು ನಿಮಗೆ ಮಾಡಿದ ಒಂದು ಉಪಕಾರ, ಅದೂ ಒಂದೇ, ಎಲ್ಲಿ ಯಾವಾಗ ಅಂತ ಸಮೇತ ಹೇಳಿ.

ಮುಗಿಸುವಾಗ "ಕೊನೆಯದಾಗಿ" ಅನ್ನುವ ಪದ ಒಂದು ಸಲ ಬಳಸಬಹುದು. ಆಮೇಲೆ ಬಾಯಿಪಾಠ ಮಾಡಿಟ್ಟ ಕೊನೆಯ ವಾಕ್ಯ, ನಮಸ್ಕಾರ, ಕುರ್ಚಿ. "ನನಗೆ ಮಾತಾಡಲು ಅವಕಾಶ ಮಾಡಿಕೊಟ್ಟ" ಅಂತ ಮತ್ತೆ ಹದಿನೆಂಟು ಹೆಸರಿಗೆ ಹೋಗಬೇಡಿ.

ಸಭೆ ಮುಗಿದ ಮೇಲೆ

ಗ್ರಾಮಸಭೆಯಲ್ಲಿ ಆಡಿದ ಮಾತು ಕಾಗದಕ್ಕೆ ಬರದಿದ್ದರೆ ಕರಗಿಹೋಗುತ್ತದೆ. ಮನೆಯಿಂದ ಹೊರಡುವಾಗಲೇ ಅದೇ ವಿಷಯದ ಮನವಿಯನ್ನು ಅರ್ಧ ಪುಟದಲ್ಲಿ ಬರೆದು ಎರಡು ಪ್ರತಿ ಇಟ್ಟುಕೊಳ್ಳಿ. ಜಾಗ, ಅಳತೆ, ಬೇಡಿಕೆ ಮೂರೂ ಇರಲಿ, ಬೀದಿಯ ನಾಲ್ಕಾರು ಜನರ ಸಹಿ ಇದ್ದರೆ ಇನ್ನೂ ಒಳ್ಳೆಯದು. ಮಾತು ಮುಗಿಸಿ ಒಂದು ಪ್ರತಿಯನ್ನು ಪಿಡಿಒ ಕೈಗೆ ಕೊಡಿ, ಇನ್ನೊಂದರ ಮೇಲೆ ತಾರೀಖು ಹಾಕಿಸಿ, ಸೀಲು, ಸಹಿ ತಗೊಳ್ಳಿ. ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ನಡೆಯಬೇಕು. ಅಷ್ಟರೊಳಗೆ ಚರಂಡಿ ಆಗದಿದ್ದರೆ ಮುಂದಿನ ಸಭೆಯಲ್ಲಿ ಆ ಪ್ರತಿ ಹಿಡಿದು ಎದ್ದು ನಿಲ್ಲಿ. ಮೊದಲ ವಾಕ್ಯ ಹುಡುಕುವ ಕೆಲಸವೇ ಇರುವುದಿಲ್ಲ: "ಹೋದ ಸಭೆಲಿ ಈ ತಾರೀಖಿಗೆ ಕೊಟ್ಟ ಮನವಿ ಏನಾಯ್ತು ಮೇಡಂ?"